ಊರ ಹೆಸರಿನೊಳಗಿನ ಹಳಗನ್ನಡ

ಬಳಕೆ ತಪ್ಪಿದ ಮಾತುಗಳನ್ನು ನಾವು ನಿಘಂಟಿನಲ್ಲಿ ಹುಡುಕುತ್ತೇವೆ. ಆದರೆ ಚಿತ್ರದುರ್ಗ ಜಿಲ್ಲೆಯ ಬಸ್ಸಿನ ಬೋರ್ಡುಗಳ ಮೇಲೂ ಅವು ಉಳಿದಿವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ಮೂರು ತಾಲ್ಲೂಕುಗಳ ಹೆಸರುಗಳೂ ಹಕಾರದಿಂದಲೇ ಮೊದಲಾಗುತ್ತವೆ. ಹಳಗನ್ನಡದಲ್ಲಿ ಇವುಗಳ ಮೊದಲ ಪದಗಳು ಪಿರಿಯ, ಪೊಸ, ಪೊೞಲ್. ಹತ್ತನೆಯ ಶತಮಾನದಿಂದೀಚೆಗೆ ಪಕಾರ ಹಕಾರವಾಗುತ್ತ ಬಂದುದನ್ನು ಶಾಸನಗಳಲ್ಲಿ ಕಾಣಬಹುದು. 1260ರ ಸುಮಾರಿಗೆ ಶಬ್ದಮಣಿದರ್ಪಣ ಬರೆದ ಕೇಶಿರಾಜನೂ ಅದನ್ನು ಗುರುತಿಸಿದ್ದಾನೆ.

ಹಾಗಾದರೆ ಈ ಮೂರು ಹೆಸರುಗಳೂ ಒಂದೇ ಕಾಲದವೇ ಎಂದು ಕೇಳಬಹುದು. ಹಾಗೆ ಹೇಳಲಾಗದು. ಹಿರಿಯ, ಹೊಸ ಎಂಬ ಮಾತುಗಳು ಇಂದಿಗೂ ನಮ್ಮ ಬಾಯಲ್ಲಿವೆ. ನಾಳೆ ಕಟ್ಟುವ ಕೋಟೆಗೂ ಹೊಸದುರ್ಗವೆಂದೇ ಹೆಸರಿಡಬಹುದು. ಹೊಳಲ್ಕೆರೆಯ ಮಾತು ಬೇರೆ. ಪೊೞಲ್ ಎಂದರೆ ಪಟ್ಟಣ. ಪಂಪನ ಕಾಲಕ್ಕೆ ಅದು ಎಲ್ಲರಿಗೂ ತಿಳಿದ ಪದ, ಇಂದು ಆಡುಮಾತಿನಲ್ಲಿ ಇಲ್ಲ. ಜನರಿಗೆ ಅರ್ಥವಾಗುತ್ತಿದ್ದ ಕಾಲದಲ್ಲಲ್ಲದೆ ಅಂಥ ಪದದಿಂದ ಊರಿಗೆ ಹೆಸರು ಹುಟ್ಟದು. ಹೊಳಪು, ಹೊಳೆ ಎಂಬ ಪದಗಳಿಂದ ಅರ್ಥ ಹೊಂದಿಸುವುದು ಸುಲಭವೇ. ಆದರೆ ಹೂವಿನಹಡಗಲಿ ಸೀಮೆಯಲ್ಲೂ ಮಂಡ್ಯದ ಬಳಿಯಲ್ಲೂ ಹೊಳಲು ಎಂಬ ಊರುಗಳೇ ಇರುವುದರಿಂದ ಪಟ್ಟಣವೆಂಬ ಅರ್ಥವೇ ಹೆಚ್ಚು ಒಪ್ಪುತ್ತದೆ.

ಇಂಥ ವಿಚಾರದಲ್ಲಿ ಎಚ್ಚರವೂ ಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಪ್ರಾಕೃತದ್ದು. ಅದರಲ್ಲಿ ಬರುವ ‘ಇಸಿಲ’ ಎಂಬ ಊರ ಹೆಸರು ಕನ್ನಡದ್ದೆಂದು ಡಿ. ಎಲ್. ನರಸಿಂಹಾಚಾರ್ ವಾದಿಸಿದರು. ಬಾಣ ಬಿಡು ಎಂಬರ್ಥದ ‘ಇಸು’ ಹಳಗನ್ನಡದಲ್ಲಿ ಇರುವುದರಿಂದ ಆ ವಾದಕ್ಕೆ ಬಲವಿದೆ. ಆದರೂ ಒಂದೇ ಹೆಸರನ್ನು ನೆಚ್ಚಿ ಭಾಷೆಯ ವಯಸ್ಸನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಒಯ್ಯುವುದು ಆತುರ. ಸುಮಾರು 500ರದೆಂದು ವಿದ್ವಾಂಸರು ಹೇಳುವ, ಚಿತ್ರದುರ್ಗದ ಹತ್ತಿರದ ತಮಟಕಲ್ಲು ಶಾಸನದಲ್ಲಿ ಕನ್ನಡ ಪದ್ಯವೇ ಇದೆ. ಅಲ್ಲಿ ಊಹೆ ಬೇಕಿಲ್ಲ.

ಸತ್ತ ಮಾತುಗಳಿಂದ ಏನು ಪ್ರಯೋಜನ ಎನ್ನುವವರಿದ್ದಾರೆ. ಶಾಸನ ಬರೆಸಿದವರು ಅರಸರು, ಅಧಿಕಾರಿಗಳು, ಉಳ್ಳವರು. ಊರಿಗೆ, ಕೆರೆಗೆ, ಹೊಲಕ್ಕೆ ಹೆಸರಿಟ್ಟವರಲ್ಲಿ ಬಹುಪಾಲು ಸಾಮಾನ್ಯರು. ಅವರ ನುಡಿಗೆ ಈ ಹೆಸರುಗಳಿಗಿಂತ ಹತ್ತಿರದ ಸಾಕ್ಷಿ ನಮಗೆ ಸಿಗುವುದು ಅಪರೂಪ. ಆದ್ದರಿಂದ ನಿಮ್ಮ ಊರಿನ ಕೆರೆ, ಹಳ್ಳ, ಹೊಲಗಳ ಹೆಸರನ್ನು ಹಿರಿಯರಿಂದ ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದಿಡಿ, ಅರ್ಥವಾಗಲಿಲ್ಲವೆಂದು ತಿದ್ದಬೇಡಿ.