ಮನೆಗೆ ವಿಮೆ: ಎಷ್ಟಕ್ಕೆ ಮಾಡಿಸಬೇಕು, ಯಾರು ಬಂದು ನೋಡುತ್ತಾರೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಒಬ್ಬರು ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಹೋದ ಸಭೆಯಲ್ಲಿ ಆರೋಗ್ಯ ವಿಮೆಯ ವಿಷಯ ಮಾತಾಡಿದ್ದೆವು. ಮುಗಿಸಿ ಹೊರಡುವಾಗ ಒಬ್ಬರು ಅಕ್ಕ ಕೇಳಿದರು, "ಸಿಸ್ಟರ್, ಮನೆಗೂ ಇನ್ಶೂರೆನ್ಸ್ ಉಂಟಂತಲ್ಲ, ಅದನ್ನು ಎಷ್ಟಕ್ಕೆ ಮಾಡುವುದು?" ಅದಕ್ಕೆ ಉತ್ತರ ಹೇಳುವ ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

2019ರ ಆಗಸ್ಟ್ ತಿಂಗಳ ಮಳೆ ನಿಮಗೆ ನೆನಪಿರಬಹುದು. ಘಟ್ಟದ ತಪ್ಪಲಿನ ಒಂದು ಹಳ್ಳಿಯಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರ ಮನೆಯ ಮೇಲೆ ಗುಡ್ಡ ಕುಸಿಯಿತು. ದೇವರ ದಯೆ, ಜೀವ ಉಳಿಯಿತು. ಮನೆ ಪೂರ್ತಿ ಹೋಯಿತು. ಆ ಮನೆಗೆ ವಿಮೆ ಇತ್ತು. ಸಾಲ ಕೊಡುವಾಗ ಬ್ಯಾಂಕಿನವರೇ ಮಾಡಿಸಿದ್ದರು. ಸಾಲ ಮೂರು ಲಕ್ಷ, ವಿಮೆಯೂ ಮೂರು ಲಕ್ಷ. ಅದೇ ಮನೆಯನ್ನು ಪುನಃ ಕಟ್ಟಲು ಎಂಟು ಲಕ್ಷ ಬೇಕಿತ್ತು. ಬಂದ ಮೂರು ಲಕ್ಷವೂ ಮೊದಲು ಸಾಲದ ಖಾತೆಗೆ ಹೋಯಿತು. ಬಾಕಿ ತೀರಿ ಆಕೆಯ ಕೈಗೆ ಬಂದದ್ದು ಎಂಬತ್ತು ಸಾವಿರ. "ಸಿಸ್ಟರ್, ಇನ್ಶೂರೆನ್ಸ್ ಇತ್ತು, ಆದರೆ ಮನೆ ಇಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಯೋಚಿಸಿದರೆ, ಆ ವಿಮೆ ಇದ್ದದ್ದು ಬ್ಯಾಂಕಿನ ಸಾಲಕ್ಕೆ. ಆಕೆಯ ಮನೆಗೆ ಸಾಕಾಗುವಷ್ಟು ವಿಮೆಯನ್ನು ಯಾರೂ ಮಾಡಿಸಿರಲಿಲ್ಲ.

ಬೆಲೆ ಯಾವುದು?

ಒಂದು ಮನೆಗೆ ಮೂರು ಬೆಲೆ ಇರುತ್ತದೆ. ಒಂದು, ಮಾರಿದರೆ ಸಿಗುವ ಬೆಲೆ. ಅದರಲ್ಲಿ ಜಾಗದ ಬೆಲೆಯೂ ಸೇರಿದೆ. ಎರಡು, ಸಾಲದ ಮೊತ್ತ. ಮೂರು, ಬಿದ್ದರೆ ಅಂಥದ್ದೇ ಮನೆಯನ್ನು ಪುನಃ ಕಟ್ಟಲು ತಗಲುವ ಖರ್ಚು. ವಿಮೆಗೆ ಬೇಕಾದದ್ದು ಈ ಮೂರನೆಯದು ಮಾತ್ರ. ಜಾಗಕ್ಕೆ ವಿಮೆ ಇಲ್ಲ.

ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿಯನ್ನು ಜಾರಿಗೆ ತಂದಿದೆ. ಕಂಪನಿ ಯಾವುದೇ ಇರಲಿ, ಇದರ ಮೂಲ ನಿಯಮಗಳು ಒಂದೇ. ಇದರಲ್ಲಿ ಲೆಕ್ಕ ಹೀಗೆ: ಮನೆಯ ಒಳ ಅಳತೆ ಎಷ್ಟು ಚದರ ಮೀಟರ್ ಉಂಟೋ, ಅದನ್ನು ಒಂದು ಚದರ ಮೀಟರ್ ಕಟ್ಟುವ ಖರ್ಚಿನಿಂದ ಗುಣಿಸಬೇಕು. ಹೊರಗೋಡೆ ಬಿಟ್ಟು ಒಳಗೆ ಅಳೆಯಬೇಕು, ನಡುವಿನ ಗೋಡೆಗಳು ಸೇರುತ್ತವೆ. ಜಗಲಿ, ಬಾಲ್ಕನಿಯ ವಿಸ್ತೀರ್ಣದಲ್ಲಿ ಕಾಲು ಭಾಗ ಮಾತ್ರ ಸೇರುತ್ತದೆ. ಒಂದು ಚದರ ಮೀಟರ್ ಅಂದರೆ ಸುಮಾರು ಹತ್ತು ಮುಕ್ಕಾಲು ಚದರ ಅಡಿ.

ಉದಾಹರಣೆಗೆ, ಅಳತೆ 50 ಚದರ ಮೀಟರ್, ಖರ್ಚು ಮೀಟರಿಗೆ 16,000 ರೂಪಾಯಿ ಎಂದಿಟ್ಟುಕೊಳ್ಳಿ. ವಿಮಾ ಮೊತ್ತ ಎಂಟು ಲಕ್ಷ ಆಯಿತು. ಪಾತ್ರೆ, ಕಪಾಟು, ಟಿ.ವಿ., ಫ್ರಿಜ್ ಮುಂತಾದ ಮನೆ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20, ಅಂದರೆ 1,60,000 ರೂಪಾಯಿ ತಾನಾಗಿಯೇ ಸೇರುತ್ತದೆ. ಇದಕ್ಕೆ ಗರಿಷ್ಠ ಮಿತಿ 10 ಲಕ್ಷ. ಚಿನ್ನ ಇದರಲ್ಲಿ ಸೇರುವುದಿಲ್ಲ, ಅದನ್ನು ಬೇರೆಯೇ ಬರೆಸಬೇಕು.

ಒಂದು ಎಚ್ಚರಿಕೆ. ಮೇಸ್ತ್ರಿಗಳು ಸಾಮಾನ್ಯವಾಗಿ ಹೊರಗೋಡೆ ಸೇರಿಸಿ ಚದರಡಿಗೆ ಇಷ್ಟು ಎಂದು ದರ ಹೇಳುತ್ತಾರೆ. ಆದ್ದರಿಂದ "ಇಡೀ ಮನೆ ಕಟ್ಟಲು ಈಗ ಒಟ್ಟು ಎಷ್ಟಾದೀತು?" ಎಂದು ಕೇಳಿ, ಆ ಮೊತ್ತವನ್ನು ವಿಮೆಯ ಅಳತೆಯಿಂದ ಭಾಗಿಸಿ. ಆಗ ಸರಿಯಾದ ದರ ಸಿಗುತ್ತದೆ.

ಹಿಂದಿನ ಪಾಲಿಸಿಗಳಲ್ಲಿ ಇನ್ನೊಂದು ತೊಂದರೆ ಇತ್ತು. ಎಂಟು ಲಕ್ಷದ ಮನೆಗೆ ನಾಲ್ಕು ಲಕ್ಷಕ್ಕೆ ವಿಮೆ ಮಾಡಿಸಿ, ಎರಡು ಲಕ್ಷ ನಷ್ಟವಾದರೆ, "ನೀವು ಅರ್ಧಕ್ಕೆ ಮಾತ್ರ ಮಾಡಿಸಿದ್ದೀರಿ" ಎಂದು ಒಂದೇ ಲಕ್ಷ ಕೊಡುತ್ತಿದ್ದರು. ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತ ಇಲ್ಲ. ಹಾಗಂತ ಕಡಿಮೆ ಬರೆಸಬೇಡಿ. ಮನೆ ಪೂರ್ತಿ ಹೋದರೆ ಕಟ್ಟಡಕ್ಕೆ ಸಿಗುವ ಪರಿಹಾರಕ್ಕೆ ಬರೆಸಿದ ಮೊತ್ತವೇ ಆಧಾರ.

ಯಾರು ಬಂದು ನೋಡುತ್ತಾರೆ?

ಕಂಪನಿಯವರು ಮೊದಲೇ ಬಂದು ಮನೆ ನೋಡಿ ಬೆಲೆ ಕಟ್ಟುತ್ತಾರೆ ಎಂದು ಹಲವರು ತಿಳಿದಿದ್ದಾರೆ. ದೊಡ್ಡ ಮೊತ್ತದ ಕಟ್ಟಡಗಳಿಗೆ ಇಂಜಿನಿಯರ್ ಬರುವುದುಂಟು. ನಮ್ಮಂಥ ಸಣ್ಣ ಮನೆಗಳಿಗೆ ಹೆಚ್ಚಾಗಿ ಯಾರೂ ಬರುವುದಿಲ್ಲ. ನೀವು ಅರ್ಜಿಯಲ್ಲಿ ಬರೆದದ್ದನ್ನೇ ನಂಬಿ ಪಾಲಿಸಿ ಕೊಡುತ್ತಾರೆ. ನೋಡಲು ಬರುವುದು ನಷ್ಟವಾದ ಮೇಲೆ. ಆಗ ಬರುವವರು ಸರ್ವೇಯರ್. ಗೋಡೆ ಕಲ್ಲಿನದೋ ಮಣ್ಣಿನದೋ, ಮಾಡು ಹಂಚೋ ತಾರಸಿಯೋ, ಅಳತೆ ಎಷ್ಟು, ಹಾನಿಗೆ ಕಾರಣ ಏನು, ಎಲ್ಲವನ್ನೂ ಅರ್ಜಿಯ ಜೊತೆ ಹೋಲಿಸಿ ನೋಡುತ್ತಾರೆ. ಅರ್ಜಿಯಲ್ಲಿ ತಾರಸಿ ಎಂದಿದ್ದು ಸ್ಥಳದಲ್ಲಿ ಶೀಟು ಕಂಡರೆ ತಕರಾರು ಅಲ್ಲೇ ಶುರು. ಆದ್ದರಿಂದ ಏಜೆಂಟರು ತುಂಬಿದ ಅರ್ಜಿಗೆ ಓದದೆ ಸಹಿ ಹಾಕಬೇಡಿ. ಇಂಗ್ಲಿಷ್ ಬಾರದಿದ್ದರೆ ಮಕ್ಕಳಿಂದ ಓದಿಸಿ ಕೇಳಿ. ಸೋಗೆ, ಹುಲ್ಲು, ಟಾರ್ಪಾಲಿನ ಮಾಡು ಇದ್ದರೆ ವಿಮೆ ಕೊಡುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ.

ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ?

ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗುಡ್ಡ ಕುಸಿತ, ಭೂಕಂಪ, ಗಲಭೆ ಇವುಗಳಿಂದಾದ ನಷ್ಟಕ್ಕೆ ಉಂಟು. ಹಳೆಯದಾಗಿ ಗೋಡೆ ಬಿರುಕು ಬಿಟ್ಟರೆ, ಗೆದ್ದಲು ತಿಂದರೆ ಇಲ್ಲ. ಕಡಲ ಬದಿಯ ಸಹೋದರಿಯರು ಗಮನಿಸಬೇಕು: ನೆಲ ಕುಸಿತಕ್ಕೆ ರಕ್ಷಣೆ ಇದೆಯಾದರೂ ಕಡಲ್ಕೊರೆತ ಮತ್ತು ನದಿ ಕೊರೆತದಿಂದಾಗುವ ಕುಸಿತಕ್ಕೆ ಇಲ್ಲ. ಇದನ್ನು ಏಜೆಂಟರು ತಾವಾಗಿ ಹೇಳದೆ ಇರಬಹುದು, ನೀವೇ ಕೇಳಿ.

ಮನೆಯಲ್ಲೇ ಹೊಲಿಗೆ, ಹಪ್ಪಳ, ಸಣ್ಣ ಅಂಗಡಿ ನಡೆಸುವವರು ನಮ್ಮಲ್ಲಿ ತುಂಬಾ ಇದ್ದೀರಿ. ವ್ಯಾಪಾರದ ಮೆಶಿನ್, ಮಾಲು ಮನೆ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆ ಪಾಲಿಸಿ ಇದೆ. ಮನೆಗೆ ಹೊಸ ಕೋಣೆ ಸೇರಿಸಿ ಅಳತೆ ಶೇಕಡಾ 10ಕ್ಕಿಂತ ಹೆಚ್ಚಾದರೆ ಅದನ್ನೂ ಕಂಪನಿಗೆ ತಿಳಿಸಿ ಕಂತು ಸರಿಪಡಿಸಿಕೊಳ್ಳಬೇಕು.

ನಷ್ಟವಾದ ದಿನ ಏನು ಮಾಡಬೇಕು?

1. ಮೊದಲು ಜೀವ. ಮನೆಯವರನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯಿರಿ.
2. ಆದಷ್ಟು ಬೇಗ ಕಂಪನಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.
3. ಬಿದ್ದದ್ದನ್ನು ತೆಗೆಯುವ ಮೊದಲು ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸರ್ವೇಯರ್ ನೋಡುವವರೆಗೆ ಅವಶೇಷ ಸಾಗಿಸಬೇಡಿ.
4. ಪಂಚಾಯತಿಗೂ ಗ್ರಾಮ ಆಡಳಿತ ಅಧಿಕಾರಿಗೂ ತಿಳಿಸಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಕೇಳಿ ಪಡೆಯಿರಿ.
5. ಸರ್ವೇಯರ್ ಬಂದಾಗ ಒಬ್ಬರೇ ಇರಬೇಡಿ. ಸಂಘದ ಇಬ್ಬರನ್ನು ಜೊತೆಗಿಟ್ಟುಕೊಳ್ಳಿ. ಕೊಟ್ಟ ಕಾಗದಗಳ ಪಟ್ಟಿ ಮಾಡಿ.

ನ್ಯಾಯ ಸಿಗಲಿಲ್ಲ ಅನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಪ್ರಾಧಿಕಾರದ ಸಹಾಯವಾಣಿ 155255.

ಸಹೋದರಿಯರೇ, ಬಂಡೆಯ ಮೇಲೆ ಮನೆ ಕಟ್ಟಿದ ಜಾಣನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರೆ. ನಮ್ಮಲ್ಲಿ ಅನೇಕರಿಗೆ ಬಂಡೆ ಆರಿಸುವ ಅವಕಾಶ ಇಲ್ಲ. ಸಿಕ್ಕಿದ ಐದು ಸೆಂಟ್ಸಿನಲ್ಲಿ, ಗುಡ್ಡದ ಬುಡದಲ್ಲೋ ತೋಡಿನ ಬದಿಯಲ್ಲೋ ಕಟ್ಟಿದ್ದೇವೆ. ಆದರೆ ಅಳತೆ ತಿಳಿದಿರುವುದು, ಕಾಗದ ಓದುವುದು ನಮ್ಮ ಕೈಯಲ್ಲೇ ಉಂಟಲ್ಲವೇ?

ಮುಂದಿನ ವಾರದ ಸಭೆಗೆ ಒಂದು ಕೆಲಸ. ಪ್ರತಿಯೊಬ್ಬರೂ ಟೇಪು ಹಿಡಿದು ನಿಮ್ಮ ಮನೆಯನ್ನು ಅಳೆದು ಸಂಘದ ಪುಸ್ತಕದಲ್ಲಿ ಬರೆಸಿ. ಮನೆ ಸಾಲ ಇದ್ದವರು ಬ್ಯಾಂಕಿಗೆ ಹೋಗಿ ಪಾಲಿಸಿಯ ಪ್ರತಿ ಕೇಳಿ ತನ್ನಿ. ವಿಮೆ ಸಾಲಕ್ಕೆ ಮಾತ್ರ ಉಂಟೋ, ಇಡೀ ಮನೆಗೆ ಉಂಟೋ ಎಂದು ಎಲ್ಲರೂ ಸೇರಿ ನೋಡೋಣ.

ದೇವರು ನಿಮ್ಮ ಮನೆಗಳನ್ನೂ ಮನೆಯವರನ್ನೂ ಕಾಪಾಡಲಿ.