ಎಳೆಯ ಕುದುರೆಯ ಮುಂಗಾಲಿನ ಮೂಳೆಗಂಟು: ಅದರ ಕಾರಣ, ಲಕ್ಷಣ ಮತ್ತು ಚಿಕಿತ್ಸೆ



ಕುದುರೆಯ ಬೆಲೆಯೆಲ್ಲ ಅದರ ಕಾಲುಗಳಲ್ಲಿದೆಯೆಂಬುದು ಕುದುರೆ ಸಾಕಿದವರೆಲ್ಲರೂ ತಿಳಿದ ವಿಷಯವೇ ಆಗಿದೆ. ಕನ್ನಡನಾಡಿಗೆ ಅಶ್ವಪಾಲನೆಯು ಹೊಸದಲ್ಲ. ಕುಣಿಗಲ್ ಊರು ಕುದುರೆಗಳ ಸಾಕಣೆಗೆ ಬಹುಕಾಲದಿಂದ ಹೆಸರಾದುದು; 1918ನೇ ಇಸವಿ ಸೆಪ್ಟೆಂಬರ್ 23ನೇ ತಾರೀಖು ಹೈಫಾ ಪಟ್ಟಣವನ್ನು ಹಿಡಿದ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಮೋಟಾರು ಬಂದ ಮೇಲೆ ಕುದುರೆಯ ಕೆಲಸವು ಕಡಮೆಯಾಯಿತಾದರೂ, ಸವಾರಿಗೂ ಟಾಂಗಾ ಗಾಡಿಗೂ ಉತ್ಸವಗಳಿಗೂ ಅದನ್ನು ಸಾಕುವವರು ಇಂದಿಗೂ ಇದ್ದಾರೆ. ಇಂಥವರ ಲಾಯದಲ್ಲಿ ಒಳ್ಳೆಯ ಮರಿಯೊಂದರ ಮುಂಗಾಲಿನಲ್ಲಿ ಗಂಟು ಕಾಣಿಸಿಕೊಂಡು ಅದು ಕುಂಟತೊಡಗಿದರೆ, ಯಜಮಾನನು ಗಾಬರಿಗೊಂಡು ಕಾಲಿಗೆ ಬರೆ ಹಾಕಿಸುವನು, ಇಲ್ಲವೆ ಮರಿಯನ್ನು ಕೇಳಿದ ಬೆಲೆಗೆ ಮಾರಿಬಿಡುವನು. ಇವೆರಡೂ ಅನಾವಶ್ಯಕವಾದ ನಷ್ಟಗಳು. ಈ ಗಂಟಿಗೆ ಮುಖ್ಯವಾದ ಔಷಧವು ವಿಶ್ರಾಂತಿಯೇ.

ಗಂಟು ಹುಟ್ಟುವ ಬಗೆ: ಕುದುರೆಯ ಮುಂಗಾಲಿನಲ್ಲಿ ಮಂಡಿಯ ಕೆಳಗೆ ನಡುವೆ ಒಂದು ದಪ್ಪ ಎಲುಬೂ, ಅದರ ಹಿಂಬದಿಯಲ್ಲಿ ಎಡಬಲಕ್ಕೆ ಒಂದೊಂದು ಸಣ್ಣ ಎಲುಬೂ ಇರುತ್ತವೆ. ಎಳೆಯ ಪ್ರಾಯದಲ್ಲಿ ಈ ಸಣ್ಣ ಎಲುಬುಗಳು ನಡುವಿನ ಎಲುಬಿಗೆ ನಾರಿನಿಂದ ಮಾತ್ರ ಕಟ್ಟಲ್ಪಟ್ಟಿರುವುವು. ವಯಸ್ಸು ಬಲಿತಂತೆ ಆ ನಾರು ಎಲುಬಾಗಿ ಬೆಸೆದುಕೊಳ್ಳುವುದುಂಟು. ಅದು ಬಲಿಯುವ ಮೊದಲೇ ಕಾಲಿನ ಮೇಲೆ ಅತಿಯಾದ ಭಾರ ಬಿದ್ದರೆ ನಾರು ಜಗ್ಗಿ ನೋಯುವುದು. ನೊಂದ ಎಡೆಯನ್ನು ಭದ್ರಪಡಿಸಲು ಶರೀರವು ಅಲ್ಲಿ ಹೊಸ ಎಲುಬನ್ನು ಬೆಳೆಯಿಸುವುದು. ಇದೇ ಗಂಟು, ಪಶುವೈದ್ಯರು ಇದನ್ನು ಸ್ಪ್ಲಿಂಟ್ ಎನ್ನುವರು. ಒಳಬದಿಯ ಸಣ್ಣ ಎಲುಬಿನ ಮೇಲೆ ಭಾರವು ಹೆಚ್ಚಾಗಿ ಬೀಳುವುದರಿಂದ, ಮಂಡಿಗೆ 2 ರಿಂದ 3 ಅಂಗುಲ ಕೆಳಗೆ ಒಳಬದಿಯಲ್ಲಿಯೇ ಇದು ಸಾಮಾನ್ಯವಾಗಿ ಕಾಣುವುದು.

ಕಾರಣಗಳು: ಕಲ್ಲುನೆಲದಲ್ಲಿಯೂ ಡಾಂಬರು ರಸ್ತೆಯಲ್ಲಿಯೂ ಎಳೆಯ ಕುದುರೆಯನ್ನು ಓಡಿಸುವುದು, ಚಿಕ್ಕ ವರ್ತುಲದಲ್ಲಿ ಮೇಲಿಂದ ಮೇಲೆ ಸುತ್ತಿಸುವುದು, ಹುಟ್ಟಿನಿಂದಲೇ ಕಾಲು ಸೊಟ್ಟಗಿರುವುದು, ಗೊರಸು ಬೆಳೆದು ಅಂಕೆ ತಪ್ಪುವುದು, ನಡೆಯುವಾಗ ಒಂದು ಕಾಲಿನ ಗೊರಸು ಮತ್ತೊಂದು ಕಾಲಿಗೆ ಬಡಿಯುವುದು, ಮೈ ಅತಿಯಾಗಿ ಕೊಬ್ಬುವುದು, ಇವೇ ಮುಖ್ಯವಾದವು. ಆಹಾರದ ದೋಷವನ್ನೂ ಮರೆಯಕೂಡದು. ತೌಡು ಬೂಸಾಗಳಲ್ಲಿ ರಂಜಕವು ಹೆಚ್ಚು, ಸುಣ್ಣದಂಶವು ಕಡಮೆ. ಇವನ್ನೇ ಯಥೇಚ್ಛವಾಗಿ ತಿನ್ನಿಸಿದರೆ ಬೆಳೆಯುವ ಎಲುಬು ದುರ್ಬಲವಾಗುವುದು. ಒಳ್ಳೆಯ ಹುಲ್ಲನ್ನು ಮುಖ್ಯ ಮೇವಾಗಿರಿಸಿ, ಸುಣ್ಣದಂಶವುಳ್ಳ ಕುದುರೆಮಸಾಲೆ ಸೊಪ್ಪನ್ನು ಮಿತವಾಗಿ ಕೂಡಿಸುವುದು ಹಿತಕರ.

ಪರೀಕ್ಷೆ: ಮರಿಯ ಕಾಲನ್ನೆತ್ತಿ ಮಂಡಿಯನ್ನು ಮಡಿಸಿ, ಸಣ್ಣ ಎಲುಬಿನ ಉದ್ದಕ್ಕೂ ಹೆಬ್ಬೆರಳನ್ನು ಮೆಲ್ಲಗೆ ಒತ್ತುತ್ತ ಸರಿಸಬೇಕು. ಹೊಸ ಗಂಟಾದರೆ ಬಿಸಿಯೂ ಊತವೂ ಇದ್ದು, ಒತ್ತಿದೊಡನೆ ಮರಿಯು ಕಾಲನ್ನು ಸೆಳೆದುಕೊಳ್ಳುವುದು. ಮತ್ತೊಂದು ಕಾಲನ್ನೂ ಹೀಗೆಯೇ ನೋಡಿ ಹೋಲಿಸತಕ್ಕದ್ದು. ಹೆಜ್ಜೆನಡೆಯಲ್ಲಿ ಕಾಣದ ಕುಂಟು ಗಟ್ಟಿನೆಲದ ಮೇಲಿನ ಜಗ್ಗೋಟದಲ್ಲಿ ಕಾಣುವುದುಂಟು. ಒದೆತ ಬಿದ್ದು ಗಾಯವಾಗಿದ್ದರೆ, ಕೀವು ಸೋರುತ್ತಿದ್ದರೆ, ಅಥವಾ ಮರಿಯು ಕಾಲೂರಲಾರದೆ ಹೋದರೆ, ಸಣ್ಣ ಎಲುಬು ಮುರಿದಿರಬಹುದು. ಆಗ ತಡಮಾಡದೆ ಪಶುವೈದ್ಯರನ್ನು ಕರೆಯಿಸಿ ಎಕ್ಸ್‌ರೇ ತೆಗೆಯಿಸಬೇಕು.

ಚಿಕಿತ್ಸೆ: ಗಂಟು ಕಂಡ ದಿನವೇ ಕೆಲಸವನ್ನು ನಿಲ್ಲಿಸತಕ್ಕದ್ದು. ಮೊದಲ ಕೆಲವು ದಿನ, ದಿನಕ್ಕೆ 3-4 ಸಲ, ಸಲಕ್ಕೆ 15 ರಿಂದ 20 ನಿಮಿಷ ತಣ್ಣೀರನ್ನು ಕಾಲಿನ ಮೇಲೆ ಸುರಿಯಬೇಕು. ಮಂಜುಗಡ್ಡೆ ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು. ಪಟ್ಟಿ ಕಟ್ಟುವುದಾದರೆ ಹತ್ತಿಯ ಮೆತ್ತೆಯಿಟ್ಟು, ಬಿಗಿಯಾಗದಂತೆ ಕಟ್ಟಬೇಕು. ಮರಿಯನ್ನು ಬಯಲಿಗೆ ಬಿಟ್ಟರೆ ಅದು ಕುಣಿದೋಡುವುದರಿಂದ, ಸಣ್ಣ ಆವರಣದಲ್ಲಿರಿಸಿ, ವೈದ್ಯರು ಹೇಳಿದಂತೆ ಮೆತ್ತನೆಯ ನೆಲದಲ್ಲಿ ಕೈಯಲ್ಲಿ ಹಿಡಿದು ನಡೆಯಿಸುವುದು ಯುಕ್ತ. ವಿಶ್ರಾಂತಿಯ ಕಾಲದಲ್ಲಿ ಹುರುಳಿ ಮೊದಲಾದ ಕಾಳನ್ನು ಕಡಮೆ ಮಾಡಿ ಹುಲ್ಲನ್ನು ಕೊಡಬೇಕು. ನೋವನ್ನಡಗಿಸುವ ಔಷಧವನ್ನು ಪಶುವೈದ್ಯರ ಅಪ್ಪಣೆಯಿಲ್ಲದೆ ಕೊಡಕೂಡದು. ನೋವು ಮರೆಯಾದ ಮಾತ್ರಕ್ಕೆ ಗಾಡಿಗೆ ಹೂಡಿದರೆ ಕೆಡುಕು ಇಮ್ಮಡಿಯಾಗುವುದು.

ಸಾಮಾನ್ಯವಾಗಿ 4 ರಿಂದ 6 ವಾರಗಳ ವಿಶ್ರಾಂತಿ ಬೇಕು; ಕೆಲವಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯುವುದು. ಆದರೆ ಪಂಚಾಂಗವನ್ನಲ್ಲ, ಕಾಲನ್ನು ನೋಡಿ ನಿರ್ಧರಿಸಬೇಕು. ಬಿಸಿಯಾರಿ, ಒತ್ತಿದರೆ ನೋಯದೆ, ಜಗ್ಗೋಟದಲ್ಲಿ ಕುಂಟದೆ ಇದ್ದ ಮೇಲೆಯೇ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಗಂಟು ಪೂರ್ತಿಯಾಗಿ ಕರಗದಿದ್ದರೂ ಚಿಂತೆಯಿಲ್ಲ. ತಿಂಗಳುಗಳು ಕಳೆದಂತೆ ಅದು ಕುಗ್ಗಿ ಗಟ್ಟಿಯಾಗುವುದು. ನೋವಿಲ್ಲದ ಗಂಟು ನೋಟಕ್ಕೆ ಕೊರತೆಯೇ ಹೊರತು ನಡೆಗಲ್ಲ. ಗಂಟು ಮಂಡಿಯ ಕೀಲನ್ನು ಸೇರಿದ್ದರೆ, ಅಥವಾ ಹಿಂದಕ್ಕೆ ಬೆಳೆದು ಅಲ್ಲಿನ ಕಟ್ಟುನರವನ್ನು ಒತ್ತುತ್ತಿದ್ದರೆ ಮಾತ್ರ ವೈದ್ಯರ ವಿಶೇಷ ಪರೀಕ್ಷೆ ಅವಶ್ಯ.

ಬರೆಯ ವಿಷಯ: ಕಾದ ಕಬ್ಬಿಣದಿಂದ ಸುಡುವುದೂ, ಗೇರೆಣ್ಣೆ ಹಚ್ಚಿ ಬೊಬ್ಬೆಯೆಬ್ಬಿಸುವುದೂ ಹಳೆಯ ವಾಡಿಕೆಗಳು. ಇವುಗಳಿಂದ ಗುಣವಾಯಿತೆಂದು ಜನರು ನಂಬಿದ್ದು ಏಕೆಂದರೆ, ಸುಟ್ಟ ಕಾಲಿನ ಕುದುರೆಯನ್ನು ವಾರಗಟ್ಟಲೆ ಕೆಲಸಕ್ಕೆ ಹಚ್ಚಲಾಗದೆ ಅದಕ್ಕೆ ವಿಶ್ರಾಂತಿ ದೊರೆಯುತ್ತಿತ್ತು. ಗುಣವು ವಿಶ್ರಾಂತಿಯದು, ಹೆಸರು ಬರೆಯದು. ಕುದುರೆಯು ಧನುರ್ವಾಯುವಿಗೆ ಬಹಳ ಬೇಗ ತುತ್ತಾಗುವ ಪ್ರಾಣಿ. ಬರೆಯ ಗಾಯದ ಮೂಲಕ ಆ ರೋಗವು ಹೊಕ್ಕರೆ, ಗಂಟಿನಿಂದ ಸಾಯದ ಮರಿಯು ಚಿಕಿತ್ಸೆಯಿಂದ ಸಾಯುವುದು.

ಮುನ್ನೆಚ್ಚರಿಕೆ: ಎಲುಬು ಬಲಿಯುವ ಮೊದಲು ಭಾರದ ಕೆಲಸಕ್ಕೆ ಹಚ್ಚದಿರುವುದು, 6 ರಿಂದ 8 ವಾರಗಳಿಗೊಮ್ಮೆ ಗೊರಸನ್ನು ಸಮಮಾಡಿಸುವುದು, ಕಾಲು ಬಡಿಯುವ ಮರಿಗೆ ಕಾಲುರಕ್ಷೆ ಕಟ್ಟುವುದು, ವಾರಕ್ಕೊಮ್ಮೆ ಕಾಲನ್ನು ಸವರಿ ನೋಡುವುದು, ಇವು ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಕೆಲಸಗಳು. ಗ್ರಾಮದ ಮುಖಂಡರು ನೆರೆಯವರ ಲಾಯದಲ್ಲಿ ಕಬ್ಬಿಣ ಕಾಯುತ್ತಿರುವುದನ್ನು ಕಂಡರೆ ಅದನ್ನು ತಡೆದು, ತಣ್ಣೀರಿನ ಕೊಡವನ್ನು ತರಿಸಿ, ಪಶುವೈದ್ಯಶಾಲೆಗೆ ಹೇಳಿಕಳುಹಿಸತಕ್ಕದ್ದು. ಆರು ವಾರಗಳ ತಾಳ್ಮೆಯಿಂದ ಹಲವು ವರ್ಷಗಳ ದುಡಿಮೆಯು ಉಳಿಯುವುದು.