ಮನೆ ಯಾರದು ಎಂದು ಮೊದಲು ಕೇಳೋಣ



ಹೆಣ್ಣು ಸ್ವಭಾವತಃ ಹಿಂಜರಿಯುವವಳು, ಗಂಡು ಪೈಪೋಟಿಗೆ ಮುನ್ನುಗ್ಗುವವನು ಎಂಬ ಮಾತು ನಮ್ಮ ತರಗತಿಗಳಲ್ಲಿ ಇಂದಿಗೂ ಸಲೀಸಾಗಿ ಓಡಾಡುತ್ತಿದೆ. ಅರ್ಥಶಾಸ್ತ್ರಜ್ಞರಾದ ಯೂರಿ ಗ್ನೀಜಿ, ಕೆನೆತ್ ಲಿಯೊನಾರ್ಡ್, ಜಾನ್ ಲಿಸ್ಟ್ ಈ ಮಾತನ್ನು ಒರೆಗೆ ಹಚ್ಚಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ಮೀಟರ್ ದೂರದ ಬಕೆಟ್ಟಿಗೆ ಟೆನಿಸ್ ಚೆಂಡನ್ನು ಹತ್ತು ಸಲ ಎಸೆಯಬೇಕು. ಬಿದ್ದ ಚೆಂಡಿಗೆ ಇಷ್ಟೆಂದು ಹಣ ಪಡೆಯಬಹುದು. ಇಲ್ಲವೇ ಕಾಣದ ಎದುರಾಳಿಯೊಡನೆ ಪೈಪೋಟಿಗಿಳಿದು, ಗೆದ್ದರೆ ಮೂರು ಪಟ್ಟು ಪಡೆಯಬಹುದು, ಸೋತರೆ ಬರಿಗೈ. ತಾಂಜಾನಿಯಾದ ಪಿತೃಪ್ರಧಾನ ಮಾಸಾಯಿ ಸಮುದಾಯದ ಗಂಡಸರಲ್ಲಿ ಅರ್ಧದಷ್ಟು ಮಂದಿ ಪೈಪೋಟಿಗೆ ಒಪ್ಪಿದರು. ಹೆಂಗಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು. ಮೇಘಾಲಯದ ಖಾಸಿಗಳಲ್ಲಿ ಲೆಕ್ಕ ಅದಲುಬದಲಾಯಿತು: ಹೆಂಗಸರು ಶೇ. 54, ಗಂಡಸರು ಶೇ. 39. ಖಾಸಿಗಳಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ, ಮನೆ ಕಿರಿಯ ಮಗಳ ಪಾಲಿಗೆ.

ಒಂದೇ ಪ್ರಯೋಗ ಎಲ್ಲವನ್ನೂ ತೀರ್ಮಾನಿಸದು, ನಿಜ. ಆದರೆ 'ಸ್ವಭಾವತಃ' ಎಂದು ಬರೆಯುವ ಮುನ್ನ ನಮ್ಮ ಕೈ ತಡೆಯಲೇಬೇಕು.

ಮೇಘಾಲಯದವರೆಗೆ ಹೋಗಬೇಕೆಂದೂ ಇಲ್ಲ. ನಮ್ಮ ಕರಾವಳಿಯ ಕೋಟದಲ್ಲಿ ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿದ ಮಾನಸಿಕ ಆರೋಗ್ಯದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಅಕ್ಕಪಕ್ಕದಲ್ಲೇ ಬ್ರಾಹ್ಮಣರು, ಬಂಟರು, ಮೊಗವೀರರು. ಬ್ರಾಹ್ಮಣರಲ್ಲಿ ಆಗ ಆಸ್ತಿ ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಉಳಿದೆರಡು ಸಮುದಾಯಗಳದು ತಾಯಿಯ ಕಡೆಯಿಂದ ಆಸ್ತಿ ಹರಿಯುವ ಅಳಿಯಸಂತಾನದ ಪರಂಪರೆಯಾಗಿತ್ತು. ಭಾರತದ ಜನರಿಗೆಂದೇ ಸಿದ್ಧಪಡಿಸಿದ ಪ್ರಶ್ನಾವಳಿ ಹಿಡಿದು ಸಂಶೋಧಕರು ಅಲ್ಲಿಗೆ ಹೋದರು. ಜನ ಕಷ್ಟ ಹೇಳಿಕೊಳ್ಳಲು ಹೋಗುವ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿಗಳನ್ನೂ ಕಂಡರು. ಮೈಮೇಲೆ ದರ್ಶನ ಬಂದ ಕೂಡಲೇ ಕಾಯಿಲೆಯ ಹಣೆಪಟ್ಟಿ ಅಂಟಿಸದ ಆ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆ ಅಳಿಯಸಂತಾನದ ಪರಂಪರೆಯೂ ಹಾಗೆಯೇ ಉಳಿಯಲಿಲ್ಲ: 1949ರ ಅಳಿಯಸಂತಾನ ಕಾಯ್ದೆಯ ಬಳಿಕ ಕುಟುಂಬದ ಆಸ್ತಿ ಪಾಲಾಗಲು ದಾರಿಯಾಯಿತು. ತಾಯಿಮನೆಯಲ್ಲಿ ಬಾಳಿದವಳ ಮೊಮ್ಮಗಳು ಗಂಡನ ಮನೆಯಲ್ಲಿ ಬದುಕು ಹೂಡಿದಾಗ ಅವಳ ಧೈರ್ಯ, ಅಂಜಿಕೆಗಳ ನೆಲೆಯೇ ಬದಲಾಗುತ್ತದೆ.

ಮನೆಯ ಮಾತಾಯಿತು; ಇನ್ನು ಕಡಲು, ದುಡಿಮೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮಾರಿ ಮನೆ ನಡೆಸುವ ಹೆಂಗಸಿಗೆ ಜುಲೈಯಲ್ಲಿ "ನಿದ್ದೆ ಬರುತ್ತದೆಯೇ?" ಎಂದು ಕೇಳಿ ಬರೆದುಕೊಂಡ ಉತ್ತರವನ್ನು ಜನವರಿಯ ಉತ್ತರದ ಪಕ್ಕದಲ್ಲಿಟ್ಟು ಅಂಕ ಹಾಕುವುದು ಅನ್ಯಾಯ.

ನಾನು ರೋಗಿಗಳನ್ನು ನೋಡುವ ಹೊರರೋಗಿ ವಿಭಾಗದಲ್ಲಿ ಒಮ್ಮೆ ಅತ್ತೆಯೊಡನೆ ಬಂದ ಸೊಸೆ ತಲೆ ತಗ್ಗಿಸಿ ಕೂತಿದ್ದಳು. ನಾನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರಿಸಿದರು: "ಇವಳಿಗೆ ಎಂಥದ್ದೂ ಇಲ್ಲ ಮೇಡಂ, ಸ್ವಲ್ಪ ತಲೆಸುತ್ತು ಅಷ್ಟೆ." ಚೀಟಿ ಮಾಡಿಸಿಕೊಂಡು ಬನ್ನಿ ಎಂದು ಅವರನ್ನು ಕಳಿಸಿದೆ. ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ, "ತವರಿಗೆ ಹೋಗಿ ಎರಡು ವರ್ಷ ಆಯ್ತು ಮೇಡಂ" ಎಂದಳು. ಆಮೇಲೆ ತಲೆಸುತ್ತಿನ ಮಾತು ಬರಲೇ ಇಲ್ಲ. ಅವಳ ಕೇಸ್ ಶೀಟಿನಲ್ಲಿ ಈ ಸಂಗತಿ ಬರೆಯಲು ಜಾಗವೇ ಇರಲಿಲ್ಲ.

ಆ ಜಾಗ ಬೇಕು. ಮನೆ ಯಾರ ಹೆಸರಿನಲ್ಲಿದೆ, ದುಡಿದ ಹಣ ಯಾರ ಕೈಯಲ್ಲಿ, ತವರು ಎಷ್ಟು ದೂರ, ದುಡಿಮೆ ಇರುವ ಕಾಲವೋ ಇಲ್ಲದ ಕಾಲವೋ – ಇಷ್ಟನ್ನು ಬರೆಯದೆ ಯಾವ ಕೇಸ್ ಶೀಟೂ ಪೂರ್ಣವಾಗದಂತೆ ನಾವು ನಿಯಮ ಮಾಡಿಕೊಳ್ಳಬೇಕು. ಹೆಣ್ಣುಮಕ್ಕಳನ್ನು ಸ್ವಲ್ಪ ಹೊತ್ತಾದರೂ ಒಂಟಿಯಾಗಿ ಮಾತನಾಡಿಸಬೇಕು. ನಾಳೆಯ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಗೊತ್ತುವಳಿಯಾಗಿ ಮಂಡಿಸುತ್ತೇನೆ. ತಿದ್ದುಪಡಿಗಳಿದ್ದರೆ ದಯವಿಟ್ಟು ಇಂದು ಸಂಜೆಯೊಳಗೆ ಬರೆದು ಕೊಡಿ.